ಊಟವಾದ ಮೇಲೆ ಅಳತೆ

ಆ ಟೈಲರ್ ಅಂಗಡಿಗೆ ಒಂದು ನಿಯಮವಿತ್ತು: ಹಸಿದು ಬಂದವರ ಅಳತೆ ತೆಗೆಯುವುದಿಲ್ಲ. ಅದನ್ನು ಬರೆದು ಗೋಡೆಗೆ ಅಂಟಿಸಿರಲಿಲ್ಲ. ಅಂಟಿಸುವ ಅಗತ್ಯವೂ ಇರಲಿಲ್ಲ, ಅಂಗಡಿಯ ಒಡತಿಗೆ ದೇವರು ಒಳ್ಳೆಯ ಗಂಟಲು ಕೊಟ್ಟಿದ್ದ. "ಊಟ ಆಯ್ತಾ?" ಎಂಬುದೇ ಅವಳ ಮೊದಲ ಮಾತು. ಇಲ್ಲ ಎಂದವರ ಕೈಗೆ ಮೇಜಿನ ಕೆಳಗಿನ ಬುಟ್ಟಿಯಿಂದ ಒಂದು ಬಾಳೆಹಣ್ಣು ಬರುತ್ತಿತ್ತು. ಅದನ್ನು ತಿಂದು ಮುಗಿಸಿದ ಮೇಲೆ ಸ್ಟೂಲಿನ ಮೇಲೆ ಕೂರಿಸಿ, ಸೊಂಟದ ಸುತ್ತ ಟೇಪು ಬಳಸಿ, ಅಂಕಿ ನೋಡುವ ಮೊದಲು "ನಿಮ್ಮತ್ತೆ ಹೇಗಿದ್ದಾರೆ?" ಎಂದು ಕೇಳುತ್ತಿದ್ದಳು. ಅತ್ತೆಯ ವಿಷಯ ಮಾತಾಡುತ್ತಾ ಹೊಟ್ಟೆಯನ್ನು ಒಳಗೆ ಎಳೆದು ಹಿಡಿಯಬಲ್ಲ ಮನುಷ್ಯರು ಇನ್ನೂ ಹುಟ್ಟಿಲ್ಲ. ಬಿಗಿಹಿಡಿದ ಉಸಿರು ಮಾತಿನ ಜೊತೆ ಹೊರಗೆ ಬರುತ್ತಿತ್ತು, ಹೊಟ್ಟೆ ತನ್ನ ಜಾಗಕ್ಕೆ ಮರಳುತ್ತಿತ್ತು, ಅವಳು ಅಳತೆ ಬರೆದುಕೊಳ್ಳುತ್ತಿದ್ದಳು.

ಬೀದಿಯವರೆಲ್ಲ ಅವಳನ್ನು ಟೇಪಕ್ಕ ಎನ್ನುತ್ತಿದ್ದರು. ಕೊರಳಿಗೆ ಸದಾ ಒಂದು ಹಳದಿ ಟೇಪು ಇಳಿಬಿಟ್ಟಿರುತ್ತಿದ್ದಳು. ಮನೆಯಲ್ಲಿ ಅಡುಗೆ ಮಾಡುವಾಗಲೂ ಅದು ಕೊರಳಲ್ಲೇ ಇರುತ್ತಿತ್ತು.

ವರ್ಷದ ಕೊನೆಯ ರಜೆಗಳು ಹತ್ತಿರವಾದಂತೆ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಪಾರ್ಟಿಗಳು, ನೆಂಟರ ಮನೆಯ ಊಟಗಳು, ಹಳೆಯ ಗೆಳತಿಯರ ಕೂಟಗಳು. ಎಲ್ಲರಿಗೂ ಹೊಸ ಬಟ್ಟೆ ಬೇಕು, ಅದರ ಜೊತೆಗೆ ಹೊಸ ಮೈಯೂ ಬೇಕು.

"ಒಂದಿಂಚು ಒಳಗೇ ಹಿಡೀರಿ ಟೇಪಕ್ಕ. ಪಾರ್ಟಿ ಹೊತ್ತಿಗೆ ಇಳಿಸ್ತೀನಿ" ಎನ್ನುತ್ತಿದ್ದಳು ಬ್ಯಾಂಕಿನ ಹುಡುಗಿ.

"ಇಳಿಸ್ಕೊಂಡು ಬಾ, ಆಗ ಹಿಡಿದು ಕೊಡ್ತೀನಿ. ಇಲ್ಲದೇ ಇರೋ ಮೈಗೆ ನಾನು ಬಟ್ಟೆ ಹೊಲಿಯಲ್ಲ."

ಅಷ್ಟೇ ಅಲ್ಲ, ಪ್ರತಿ ಉಡುಪಿನ ಪಕ್ಕದ ಹೊಲಿಗೆಯೊಳಗೂ ಅವಳು ಎರಡು ಬೆರಳಷ್ಟು ಬಟ್ಟೆ ಬಿಡುತ್ತಿದ್ದಳು. ಬೇರೆ ಟೈಲರ್‌ಗಳು ಕತ್ತರಿಸಿ ಎಸೆಯುತ್ತಿದ್ದ ಬಟ್ಟೆ ಅದು. ಕೇಳಿದವರಿಗೆ "ಮೈ ಅಂದ್ಮೇಲೆ ಏರುತ್ತೆ, ಇಳಿಯುತ್ತೆ. ಬಟ್ಟೆ ಹೊಂದ್ಕೋಬೇಕೋ ಮೈ ಹೊಂದ್ಕೋಬೇಕೋ?" ಎಂದು ತಿರುಗಿ ಕೇಳುತ್ತಿದ್ದಳು.

ಇದನ್ನೆಲ್ಲ ಕೇಳಿ ಟೇಪಕ್ಕನಿಗೆ ಆರೋಗ್ಯದ ಮೇಲೇ ಹಗೆ ಎಂದುಕೊಳ್ಳಬಾರದು. ಅವಳಿಗೇ ರಕ್ತದೊತ್ತಡವಿತ್ತು. ಡಾಕ್ಟರು ಹೇಳಿದ ದಿನವೇ ಊಟದ ಮೇಜಿನಿಂದ ಉಪ್ಪಿನ ಡಬ್ಬಿ ಎತ್ತಿಟ್ಟಿದ್ದಳು, ಚಹಾದ ಸಕ್ಕರೆ ಅರ್ಧ ಮಾಡಿದ್ದಳು, ಬಸ್ಸು ಬಿಟ್ಟು ನಡೆದೇ ಅಂಗಡಿಗೆ ಬರುತ್ತಿದ್ದಳು. ಆದರೆ ರಜೆಯ ದಿನ ಮುಂದೆ ಕೇಕು ಬಂದರೆ ಕೂತು, ನಿಧಾನವಾಗಿ, ಯಾರ ಅಪ್ಪಣೆಯನ್ನೂ ಕೇಳದೆ ಒಂದು ತುಂಡು ತಿನ್ನುತ್ತಿದ್ದಳು. ಎರಡನೆಯದು ಬೇಕೆನಿಸಿದರೆ ಸ್ವಲ್ಪ ಹೊತ್ತು ತಡೆದು ನೋಡುತ್ತಿದ್ದಳು. ಆಮೇಲೂ ಬೇಕೆನಿಸಿದರೆ ಅದನ್ನೂ ತಿನ್ನುತ್ತಿದ್ದಳು, ಮುಖ ಸಪ್ಪೆ ಮಾಡಿಕೊಳ್ಳುತ್ತಿರಲಿಲ್ಲ.

ಇಂಥವಳ ಅಂಗಡಿಗೆ ಒಂದು ಮಧ್ಯಾಹ್ನ ಅವಳ ವಾರಗಿತ್ತಿ ಬಂದಳು. ಗಂಡನ ಅಣ್ಣನ ಹೆಂಡತಿ, ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಮತ್ತು ಕವಾಯತು ಕಲಿಸುವವಳು. ಕೊರಳಲ್ಲಿ ಸೀಟಿ ಕಟ್ಟಿಕೊಂಡೇ ಮನೆಗೂ ಹೋಗುತ್ತಿದ್ದರಿಂದ ಮನೆಯ ಮಕ್ಕಳೆಲ್ಲ ಅವಳನ್ನು ಸೀಟಿ ದೊಡ್ಡಮ್ಮ ಎನ್ನುತ್ತಿದ್ದರು. ಅವಳು ಹೆಗಲ ಮೇಲಿದ್ದ ನೀಲಿ ಬಟ್ಟೆಯ ಸುರುಳಿಯನ್ನು ಮೇಜಿನ ಮೇಲೆ ಧೊಪ್ಪನೆ ಹಾಕಿದಳು.

"ಈ ಸಲ ನಮ್ಮನೆ ಊಟಕ್ಕೆ ಎಲ್ರಿಗೂ ಒಂದೇ ಬಣ್ಣ. ಫೋಟೋ ತೆಗೆಸೋದಿದೆ. ಹೊಲಿದುಕೊಡು."

"ಅದಕ್ಕೇನು ಅಕ್ಕ, ಕೊಡ್ತೀನಿ."

"ಪೂರ್ತಿ ಕೇಳು. ಎಲ್ರದ್ದೂ ಒಂದು ಸೈಜು ಚಿಕ್ಕದಾಗಿ ಹೊಲಿ."

"ಯಾಕಕ್ಕ?"

"ಯಾಕೆ ಅಂದ್ರೆ? ಗ್ರೂಪ್‌ನಲ್ಲಿ ನೋಡ್ತಿಲ್ವಾ? ಎಲ್ರೂ ಇಳಿಸ್ತಿದ್ದಾರೆ. ಊಟದ ದಿನ ಬಾಗಿಲಲ್ಲೇ ತೂಕದ ಯಂತ್ರ ಇಡ್ತೀನಿ. ಇಳಿಸಿದವರಿಗೆ ಕೇಕು, ಇಳಿಸದೇ ಇದ್ದವರಿಗೆ ಸೌತೆಕಾಯಿ. ಹೆಚ್ಚು ಇಳಿಸಿದವರಿಗೆ ದೊಡ್ಡ ತುಂಡು, ಅದೇ ಮೊದಲನೇ ಬಹುಮಾನ."

ಕುಟುಂಬದ ಫೋನ್ ಗ್ರೂಪಿನಲ್ಲಿ ವಾರವಾರವೂ ಎಲ್ಲರೂ ತಮ್ಮ ತೂಕ ಹಾಕುತ್ತಿದ್ದರು, ಸೀಟಿ ದೊಡ್ಡಮ್ಮ ಚಪ್ಪಾಳೆಯ ಚಿತ್ರಗಳನ್ನು ಕಳಿಸುತ್ತಿದ್ದಳು. ಸೀಜನ್ನಿನ ಗದ್ದಲದಲ್ಲಿ ಟೇಪಕ್ಕ ಅದನ್ನು ತೆರೆದೇ ನೋಡಿರಲಿಲ್ಲ.

ಬೇರೆ ಗಿರಾಕಿಯಾಗಿದ್ದರೆ ಟೇಪಕ್ಕ ಬಟ್ಟೆಯ ಸುರುಳಿಯನ್ನು ವಾಪಸು ಹೆಗಲಿಗೇರಿಸಿ ಕಳಿಸುತ್ತಿದ್ದಳು. ಆದರೆ ಹೋದ ವರ್ಷ ಅವಳ ಗಂಡ, ಭಾವನವರು, ಎದೆನೋವು ಬಂದು ಆಸ್ಪತ್ರೆಯಲ್ಲಿ ಮಲಗಿದ್ದರು. ಅಂದಿನಿಂದ ಈ ಹೆಂಗಸು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಂಡನ ತಟ್ಟೆ ಕಾಯುತ್ತಿದ್ದಳು. ಗಂಡನದು ಸಾಲದೆಂದು ಈಗ ಮನೆತನದ ತಟ್ಟೆಗಳನ್ನೆಲ್ಲ ಕಾಯಲು ಹೊರಟಿದ್ದಳು. ಆ ಹೆದರಿಕೆ ಗೊತ್ತಿದ್ದ ಟೇಪಕ್ಕ ಬಾಯಿಗೆ ಬೀಗ ಹಾಕಿಕೊಂಡಳು. "ಆಗಲಿ ಅಕ್ಕ" ಎಂದಳು.

ಭಾವನವರು ಅಳತೆ ಕೊಡಲು ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಇಡೀ ಗ್ರೂಪಿಗೇ ಮಾದರಿ ಎನಿಸಿಕೊಂಡಿದ್ದ ಮನುಷ್ಯನ ಸೊಂಟ ಹೋದ ವರ್ಷಕ್ಕಿಂತ ಹೆಚ್ಚಾಗಿತ್ತು. ಅವರು ಟೇಪನ್ನೂ ಅವಳ ಮುಖವನ್ನೂ ನೋಡಿ, "ನಿಮ್ಮಕ್ಕನಿಗೆ ಹೇಳ್ಬೇಡಮ್ಮ" ಎಂದರು. ಅಂಗಿಯ ಜೇಬಿನಂಚಿನಲ್ಲಿ ಬನ್ನಿನ ಚೂರು ಅಂಟಿಕೊಂಡಿತ್ತು. ಟೇಪಕ್ಕ ಅದನ್ನು ಕೊಡವಿ ಕಳಿಸಿದಳು.

ಕೊನೆಗೆ ಉಳಿದದ್ದು ಟೇಪಕ್ಕನ ಮಗಳ ಅಳತೆ. ಆ ಹುಡುಗಿ ಅಂಬೆಗಾಲಿಡುವಾಗ ಹೊಲಿಗೆ ಯಂತ್ರದ, ದಾರ ಸುತ್ತುವ ಬಾಬಿನ್‌ಗಳನ್ನು ಉರುಳಿಸಿಕೊಂಡು ಆಡುತ್ತಿದ್ದಳಾದ್ದರಿಂದ ಬಾಬಿನ್ ಎಂಬ ಹೆಸರೇ ನಿಂತುಬಿಟ್ಟಿತ್ತು. ಈಗ ಹೈಸ್ಕೂಲು ಮುಗಿಸುವ ವಯಸ್ಸು. ಶಾಲೆಯಿಂದ ಬಂದವಳನ್ನು ಟೇಪಕ್ಕ ಸ್ಟೂಲಿನ ಮೇಲೆ ಕೂರಿಸಿದಳು.

"ಊಟ ಆಯ್ತಾ?"

"ಆಯ್ತು. ಗೆಳತಿ ಮನೇಲಿ."

ಟೇಪು ಸೊಂಟದ ಸುತ್ತ ಬಂತು. ಅಂಕಿ ನೋಡಿ ಟೇಪಕ್ಕ ಹುಬ್ಬು ಗಂಟಿಕ್ಕಿದಳು. ಬಿಚ್ಚಿ ಮತ್ತೆ ಸುತ್ತಿದಳು. ಮತ್ತೆ ಅದೇ ಅಂಕಿ, ಶಾಲೆ ಶುರುವಾದಾಗ ಸ್ಕರ್ಟು ಹೊಲಿದಿದ್ದ ಅಳತೆಗಿಂತ ಎಷ್ಟೋ ಕಡಿಮೆ.

ಬೇರೆ ಯಾವ ತಾಯಿಯಾದರೂ ಮಗಳ ಮುಖ ನೋಡುತ್ತಿದ್ದಳು. ಟೇಪಕ್ಕ ಟೇಪಿನ ಮುಖ ನೋಡಿದಳು. ಬಟ್ಟೆಯ ಟೇಪು ವರ್ಷಗಟ್ಟಲೆ ಎಳೆದೆಳೆದು ಹಿಗ್ಗುತ್ತದೆ. ಹಿಗ್ಗಿದರೆ ಗೆರೆಗಳ ನಡುವಿನ ಅಂತರ ಹೆಚ್ಚಿ, ಎಲ್ಲರ ಅಳತೆಯೂ ಇದ್ದದ್ದಕ್ಕಿಂತ ಕಡಿಮೆ ತೋರುತ್ತದೆ. ಇದು ಹೊಲಿಗೆ ಕಲಿತವರಿಗೆಲ್ಲ ಗೊತ್ತಿರುವ ಸಂಗತಿ.

"ಹಾಳಾದ್ದು, ಹಿಗ್ಗಿಬಿಟ್ಟಿದೆ" ಎಂದಳು.

"ಹೂಂ ಅಮ್ಮ, ಎಷ್ಟು ಹಳೇದು ಅದು. ಹೊಸದು ತಗೋ" ಎಂದಳು ಬಾಬಿನ್ ತಕ್ಷಣ, ಸ್ಟೂಲಿನಿಂದ ಇಳಿಯುತ್ತಾ. ಆ ತಕ್ಷಣವನ್ನು ಟೇಪಕ್ಕ ಗಮನಿಸಲಿಲ್ಲ. ಅವಳಿಗೆ ಬೇರೆ ಚಿಂತೆ ಹತ್ತಿಕೊಂಡಿತ್ತು. ಟೇಪು ಕೆಟ್ಟಿದ್ದರೆ ಈ ಸೀಜನ್ನಿನಲ್ಲಿ ಹೊಲಿದದ್ದೆಲ್ಲ ಬಿಗಿಯಾಗಿರುತ್ತದೆ, ಬೀದಿಯವರೆಲ್ಲ ಬಂದು ಮೈಮೇಲೆ ಬೀಳುತ್ತಾರೆ! ಓಡಿಹೋಗಿ ಹೊಸ ಟೇಪು ತಂದಳು, ಹಳೆಯದನ್ನು ಚಿಂದಿಯ ಚೀಲಕ್ಕೆ ಎಸೆದಳು. ಮಗಳ ಉಡುಪನ್ನು ಹಳೆಯ ಸ್ಕರ್ಟಿನ ಅಳತೆ ಇಟ್ಟುಕೊಂಡೇ ಕತ್ತರಿಸಿದಳು.

ಬೀದಿಯವರು ಯಾರೂ ಬಂದು ಬೀಳಲಿಲ್ಲ. ಬಟ್ಟೆ ಒಯ್ದವರೆಲ್ಲ ಸರಿಯಾಗಿದೆ ಎಂದೇ ಹೇಳಿದರು. ಟೇಪಕ್ಕನಿಗೆ ಅದು ವಿಚಿತ್ರವೆನಿಸಿತು, ಆದರೆ ಕೈತುಂಬ ಕೆಲಸವಿದ್ದಾಗ ಒಳ್ಳೆಯ ಸುದ್ದಿಯನ್ನು ಯಾರು ಕೆದಕುತ್ತಾರೆ?

ನೀಲಿ ಉಡುಪು ತೊಟ್ಟು ನೋಡಲು ಬಾಬಿನ್ ಅಂಗಡಿಗೆ ಬಂದಳು. ಪರದೆಯ ಹಿಂದಿನಿಂದ ಹೊರಬಂದಾಗ ಉಡುಪು ಭುಜದಿಂದ ಜೋತಾಡುತ್ತಿತ್ತು. ಟೇಪಕ್ಕ ಪಿನ್ನು ಹಿಡಿದುಕೊಂಡು ಎರಡೂ ಪಕ್ಕ ಹಿಡಿದಳು, ಮತ್ತಷ್ಟು ಹಿಡಿದಳು. ಕೈಗೆ ಮೈ ಸಿಗಲು ಬಹಳ ಬಟ್ಟೆ ದಾಟಬೇಕಾಯಿತು.

"ಅಮ್ಮ, ಒಂದು ಮಾತು" ಎಂದಳು ಬಾಬಿನ್ ಕನ್ನಡಿಯಲ್ಲಿ ನೋಡಿಕೊಳ್ಳುತ್ತಾ. "ಹಿಡಿದ ಮೇಲೆ ಒಳಗೆ ಬಟ್ಟೆ ಬಿಡ್ಬೇಡ. ಕತ್ತರಿಸಿಬಿಡು."

"ಯಾಕೆ?"

"ಇದ್ರೆ ಮತ್ತೆ ಬಿಚ್ಚಿ ದೊಡ್ಡದು ಮಾಡ್ಬಹುದು ಅಂತ ಅನ್ಸುತ್ತೆ. ಇಲ್ದೇ ಇದ್ರೆ ನಾನು ವಾಪಸ್ ಹೋಗಲ್ಲ."

ಟೇಪಕ್ಕ ಪಿನ್ನುಗಳನ್ನು ಕೆಳಗಿಟ್ಟಳು. ಹೊಸ ಟೇಪು ತೆಗೆದು ಮಗಳ ಸೊಂಟಕ್ಕೆ ಸುತ್ತಿದಳು. ಹಳೆಯದು ತೋರಿಸಿದ್ದಕ್ಕಿಂತಲೂ ಕಡಿಮೆಯಿತ್ತು. ಚಿಂದಿಯ ಚೀಲವನ್ನು ನೆಲಕ್ಕೆ ಸುರಿದು ಹಳೆಯ ಟೇಪನ್ನು ಹುಡುಕಿ ತೆಗೆದಳು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹಾಸಿ, ತುದಿಗೆ ತುದಿ ಸೇರಿಸಿ, ಅಂಗೈಯಿಂದ ಸವರಿದಳು. ಗೆರೆಗೆ ಗೆರೆ ಸರಿಯಾಗಿ ಕೂತಿತ್ತು. ಹಳೆಯ ಟೇಪು ಒಂದು ಕೂದಲೆಳೆಯಷ್ಟೂ ಹಿಗ್ಗಿರಲಿಲ್ಲ.

ಅವಳು ಸ್ಟೂಲಿನ ಮೇಲೆ ಕೂತಳು. ಕಣ್ಣೆದುರೇ ಇದ್ದ ಸಂಗತಿಗಳೆಲ್ಲ ಈಗ ಒಂದೊಂದಾಗಿ ಬಂದವು. ಮಗಳು ಊಟದ ಡಬ್ಬಿಯನ್ನು ತಾನೇ ತೊಳೆದು ಒರೆಸಿ ತರುತ್ತಿದ್ದಳು. ಟೇಪಕ್ಕ ಅದನ್ನು ಗಿರಾಕಿಗಳ ಮುಂದೆ ಕೊಚ್ಚಿಕೊಂಡಿದ್ದಳು, ನನ್ನ ಮಗಳಿಗೆ ಎಷ್ಟು ಜವಾಬ್ದಾರಿ ಬಂದಿದೆ ನೋಡಿ ಎಂದು. ಶಾಲೆಯ ಸ್ಕರ್ಟಿಗೆ ಹಿಂದೆ ಪಿನ್ನು ಹಾಕಿಕೊಳ್ಳುತ್ತಿದ್ದಳು, ಫ್ಯಾಷನ್ನು ಎಂದಿದ್ದಳು. ಬಸ್ಸು ಓಡಿಸುವ ಅವಳಪ್ಪನಿಗೆ ರಜೆಯ ಕಾಲದಲ್ಲಿ ಒಂದು ದಿನವೂ ರಜೆಯಿಲ್ಲ, ಮೂವರೂ ಒಟ್ಟಿಗೆ ಊಟಕ್ಕೆ ಕೂತು ಎಷ್ಟು ದಿನವಾಗಿತ್ತೋ.

"ಡಬ್ಬಿಯ ಊಟ ಎಲ್ಲಿ ಹೋಗ್ತಿತ್ತು?"

"ಶಾಲೆ ಹಿಂದೆ ಒಂದು ನಾಯಿ ಇದೆ."

"ಗೆಳತಿ ಮನೆ ಊಟ?"

ಬಾಬಿನ್ ಕನ್ನಡಿಯ ಕಡೆಗೇ ಮುಖ ಮಾಡಿ ಹೇಳಿದಳು. "ನಾನೇ ಫಸ್ಟ್ ಅಮ್ಮ ಗ್ರೂಪಲ್ಲಿ. ಎಲ್ಲರಿಗಿಂತ ಜಾಸ್ತಿ ಇಳಿಸಿರೋದು ನಾನು. ದೊಡ್ಡಮ್ಮ ವಾರವಾರ ಚಪ್ಪಾಳೆ ಕಳಿಸ್ತಾರೆ."

"ಚಪ್ಪಾಳೆ ತಿಂದು ಬದುಕೋಕಾಗುತ್ತೇನೇ?"

"ಹೋದ ವರ್ಷ ನಾನು ಇನ್ನೊಂದು ತುಂಡು ಕೇಕಿಗೆ ಕೈ ಹಾಕಿದಾಗ ದೊಡ್ಡಮ್ಮ ಏನಂದ್ರು ನೆನಪಿದ್ಯಾ? 'ಸಾಕು ಬಿಡೇ, ನಿಮ್ಮಮ್ಮ ಇನ್ನೆಷ್ಟು ಬಟ್ಟೆ ಒಳಗೆ ಬಿಡ್ಬೇಕು' ಅಂದ್ರು. ಎಲ್ರೂ ನಕ್ಕರು." ಅವಳ ದನಿ ತಗ್ಗಿತು. "ನೀನೂ ನಕ್ಕೆ."

ಟೇಪಕ್ಕನಿಗೆ ನೆನಪಿತ್ತು. ಆಗ ಅದೊಂದು ತಮಾಷೆಯಾಗಿ ಕಂಡಿತ್ತು. ಅವಳು ಎದ್ದು ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದಳು, ಮಗಳನ್ನು ಹತ್ತಿರ ಎಳೆದುಕೊಂಡು ಆ ಮೂಳೆಮೂಳೆ ಬೆನ್ನಿನ ಮೇಲೆ ಕೈಯಿಟ್ಟು ಜೋರಾಗಿ ಅತ್ತಳು. ಅವಳಿಗೆ ಮೆಲ್ಲಗೆ ಅಳಲು ಬರುತ್ತಿರಲಿಲ್ಲ.

ಮಾರನೆಯ ದಿನ ಅಂಗಡಿ ಮುಚ್ಚಿ ಮಗಳನ್ನು ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರಮ್ಮ ಹುಡುಗಿಯ ಜೊತೆ ಒಂಟಿಯಾಗಿ ಬಹಳ ಹೊತ್ತು ಮಾತಾಡಿದರು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು, ವಾರಕ್ಕೊಮ್ಮೆ ಬರಲು ಹೇಳಿದರು. "ಕೈ ಮೀರಿಲ್ಲ. ಆದ್ರೆ ಇದು ಹುಡುಗಾಟವೂ ಅಲ್ಲ" ಎಂದರು ಟೇಪಕ್ಕನಿಗೆ. "ಹೊತ್ತಿಗೆ ಸರಿಯಾಗಿ, ಜೊತೆಯಲ್ಲಿ ಕೂತು ಊಟ ಮಾಡಿ. ಒತ್ತಾಯ ಬೇಡ. ತೂಕ ನಾವಿಲ್ಲಿ ನೋಡ್ತೀವಿ, ಬೇರೆಲ್ಲೂ ಅವಳನ್ನ ತೂಕದ ಯಂತ್ರದ ಮೇಲೆ ಹತ್ತಿಸ್ಬೇಡಿ."

ಹೊರಗೆ ಬಂದ ಮೇಲೆ ಟೇಪಕ್ಕ, ಸೀಟಿ ದೊಡ್ಡಮ್ಮನ ಮನೆಯ ಊಟಕ್ಕೆ ಹೋಗುವುದೇ ಬೇಡ ಎಂದಳು. ಬಾಬಿನ್ ಒಪ್ಪಲಿಲ್ಲ. ಹೋಗದಿದ್ದರೆ ಯಾಕೆ ಬರಲಿಲ್ಲವೆಂದು ಎಲ್ಲರೂ ಕೇಳುತ್ತಾರೆ, ಕೇಳಿದರೆ ಅಮ್ಮ ಹೇಳಿಬಿಡುತ್ತಾಳೆ.

"ಯಾರಿಗೂ ಹೇಳಲ್ಲ ಅಂತ ಮಾತು ಕೊಡು."

"ಆ ಯಂತ್ರದ ಮೇಲೆ ನಿನ್ನನ್ನ ನಿಲ್ಲಿಸ್ತಾರಲ್ಲೇ."

"ನೀನು ಹೇಳಿದ್ರೆ ನಾನು ಮತ್ತೆ ಏನೂ ತಿನ್ನಲ್ಲ."

ಟೇಪಕ್ಕ ಮಾತು ಕೊಟ್ಟಳು. ಕೊಟ್ಟಾದ ಮೇಲೆ, ಕಾರಣ ಹೇಳದೆ ಆ ಯಂತ್ರವನ್ನು ಹೇಗೆ ತಡೆಯುವುದು ಎಂದು ಇಡೀ ದಿನ ತಲೆ ಕೆಡಿಸಿಕೊಂಡಳು. ಕೊನೆಗೆ ಕತ್ತರಿ ಎತ್ತಿಕೊಂಡಳು. ಚಿಕ್ಕದಾಗಿ ಹೊಲಿದಿದ್ದ ನೀಲಿ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದಳು. ಒಳಗಿನ ಎರಡು ಬೆರಳು ಬಟ್ಟೆಯನ್ನು ಹೊರಬಿಟ್ಟು ಸಡಿಲ ಮಾಡಿ, ಅವರವರ ಮೈ ಇದ್ದಷ್ಟಕ್ಕೆ, ಅದೂ ಊಟ ಮಾಡಿ ಕೂತಾಗಿನ ಮೈಗೆ ಸರಿಯಾಗಿ ಮತ್ತೆ ಹೊಲಿದಳು. ಸೀಟಿ ದೊಡ್ಡಮ್ಮನ ಉಡುಪನ್ನೂ ಬಿಡಲಿಲ್ಲ. ಮಗಳದ್ದನ್ನು ಮಾತ್ರ ಒಳಗೆ ಹಿಡಿದಳು, ಆದರೆ ಹಿಡಿದ ಬಟ್ಟೆಯಲ್ಲಿ ಒಂದೆಳೆಯನ್ನೂ ಕತ್ತರಿಸಲಿಲ್ಲ.

ಊಟದ ದಿನ ಸೀಟಿ ದೊಡ್ಡಮ್ಮನ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಬಟ್ಟೆ ಬಿಗಿಯಾಗಿ ಮರ್ಯಾದೆ ಹೋಗುತ್ತದೆಂದು ಹೆದರಿದ್ದವರೆಲ್ಲ ಹಾಯಾಗಿ ಉಸಿರಾಡುತ್ತಿದ್ದರು. "ನೋಡಿ, ನೋಡಿ, ಚಿಕ್ಕ ಸೈಜು ಎಷ್ಟು ಸಲೀಸಾಗಿ ಬಂತು!" ಎಂದು ಟೇಪಕ್ಕನ ನಾದಿನಿ ಒಂದು ಸುತ್ತು ತಿರುಗಿ ತೋರಿಸಿದಳು. ಅವಳ ಗಂಡ ಬೆಲ್ಟು ಬೇಡವೆಂದು ಬಿಚ್ಚಿಟ್ಟಿದ್ದ. ಸೀಟಿ ದೊಡ್ಡಮ್ಮ ತನ್ನ ಸೊಂಟದ ಮೇಲೆ ಎರಡು ಕೈಯಿಟ್ಟು, "ಶಿಸ್ತು ಅಂದ್ರೆ ಇದು" ಎಂದಳು. ಟೇಪಕ್ಕ ಎಲ್ಲರನ್ನೂ ನೋಡಿ ತುಟಿ ಕಚ್ಚಿಕೊಂಡಳು.

ಊಟದ ಕೋಣೆಯ ಬಾಗಿಲಿಗೆ ಅಡ್ಡವಾಗಿ ಗಾಜಿನ ಹಲಗೆಯ ತೂಕದ ಯಂತ್ರ ಇತ್ತು. ಅದರಾಚೆ ಉದ್ದನೆಯ ಮೇಜು: ಬಿಸಿ ಸೂಪು, ಬೇಯಿಸಿದ ತರಕಾರಿ, ಅನ್ನ, ಹೆಚ್ಚಿದ ಹಣ್ಣು. ನಡುವೆ ಎತ್ತರದ ತಟ್ಟೆಯಲ್ಲಿ ಚಾಕೊಲೇಟ್ ಕೇಕು. ಪಕ್ಕದ ಬಟ್ಟಲಲ್ಲಿ ಸೌತೆಕಾಯಿ ಹೋಳುಗಳು.

ಪೀಂ ಎಂದು ಸೀಟಿ ಕೂಗಿತು. "ಎಲ್ರೂ ಸಾಲಾಗಿ ನಿಲ್ಲಿ. ಮೊದಲು ನಮ್ಮ ಚಾಂಪಿಯನ್! ಬಾಬಿನ್, ಬಾ."

ಬಾಬಿನ್ ಮುಂದೆ ಬಂದಳು. ಅವಳ ಮುಖದಲ್ಲಿ ಹೆಮ್ಮೆಯೂ ಹೆದರಿಕೆಯೂ ಒಟ್ಟಿಗೇ ಇದ್ದವು. ಒಂದು ಕಾಲು ಎತ್ತಿ ಗಾಜಿನ ಮೇಲೆ ಇಡುವಷ್ಟರಲ್ಲಿ ಟೇಪಕ್ಕ ನಡುವೆ ನುಗ್ಗಿದಳು. ಬಗ್ಗಿ ಯಂತ್ರವನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಏನೇ ಇದು?" ಎಂದಳು ಸೀಟಿ ದೊಡ್ಡಮ್ಮ.

"ನನಗೆ ಹಸಿವಾಗಿದೆ ಅಕ್ಕ."

"ಎಲ್ರಿಗೂ ಹಸಿವಾಗಿದೆ. ಎರಡು ನಿಮಿಷ ತಡಿ."

"ತಡೆಯಲ್ಲ. ನನ್ನ ಅಂಗಡಿ ನಿಯಮ ನಿಮಗೆ ಗೊತ್ತಲ್ಲ. ಊಟ ಆದ ಮೇಲೇ ಅಳತೆ."

"ಇದು ನಿನ್ನ ಅಂಗಡಿಯಲ್ಲ, ನನ್ನ ಮನೆ."

"ಹೌದಕ್ಕ. ಊಟಕ್ಕೆ ಕರೆದಿದ್ದೀರ ಅಂತ ಬಂದಿದ್ದೀನಿ. ತೂಗಿಸ್ಕೊಳ್ಳೋಕಾಗಿದ್ರೆ ತರಕಾರಿ ಅಂಗಡಿಗೆ ಹೋಗ್ತಿದ್ದೆ."

ಹಿಂದೆ ಯಾರೋ ಕಿಸಕ್ಕೆಂದರು. ನಾದಿನಿ ಮೂಗು ಮುರಿದಳು. "ಅತ್ತಿಗೆಗೆ ತಮ್ಮ ತೂಕ ಗೊತ್ತಾಗುತ್ತೆ ಅಂತ ಭಯ, ಅಷ್ಟೇ. ಇಡೀ ಗ್ರೂಪಲ್ಲಿ ಒಂದು ಸಲನೂ ಹಾಕಿಲ್ಲ."

ಟೇಪಕ್ಕನಿಗೆ ಕೋಪ ನೆತ್ತಿಗೇರಿತು. ಅದರ ಜೊತೆಗೇ ದಾರಿಯೂ ಕಂಡಿತು. ಅವರು ತನ್ನನ್ನು ತಿಂಡಿಪೋತಿ ಅಂದುಕೊಳ್ಳಲಿ. ಎಲ್ಲರ ಕಣ್ಣೂ ತನ್ನ ಮೇಲಿದ್ದರೆ ಮಗಳ ಮೇಲೆ ಯಾರ ಕಣ್ಣೂ ಇರುವುದಿಲ್ಲ.

"ಹಾಗೇ ಅಂದ್ಕೊಳ್ಳಮ್ಮ. ನಾನು ಒಂದು ಗ್ರಾಮೂ ಇಳಿಸಿಲ್ಲ. ಇನ್ನೂ ಒಂದು ವಿಷಯ ಹೇಳ್ತೀನಿ, ಇಲ್ಲಿ ಯಾರೂ ಇಳಿದಿಲ್ಲ. ಚಿಕ್ಕ ಸೈಜು ಹೊಲಿದಿದ್ದನ್ನೆಲ್ಲ ಬಿಚ್ಚಿಬಿಟ್ಟೆ. ಇರೋ ಮೈಗೇ ಹೊಲಿದಿದ್ದೀನಿ. ಬೆಳಗ್ಗಿಂದ ಎಲ್ರೂ ಎಷ್ಟು ಖುಷಿಯಾಗಿದ್ರಿ ನೋಡಿ. ಅದೇ ಮೈ, ಅದೇ ಹೊಟ್ಟೆ. ಏನು ಕಮ್ಮಿಯಾಗಿತ್ತು ಅದಕ್ಕೆ?"

ಎಲ್ಲರೂ ತಮ್ಮ ತಮ್ಮ ಸೊಂಟ ಮುಟ್ಟಿ ನೋಡಿಕೊಂಡರು. ಸೀಟಿ ದೊಡ್ಡಮ್ಮನ ಮುಖ ಕೆಂಪೇರಿತು.

"ಮಾತು ಸುಲಭ. ಇವರು ಆಸ್ಪತ್ರೇಲಿ ಮಲಗಿದ್ದಾಗ ಹೊರಗೆ ಬೆಂಚಿನ ಮೇಲೆ ಕೂತಿದ್ದೋಳು ನಾನು. ನನ್ನ ಗಂಡನ್ನ ಉಳಿಸ್ಕೊಂಡಿರೋದು ಈ ಸೂಪು, ಈ ತರಕಾರಿ."

"ನಿಮ್ಮ ಸೂಪಿನ ಜೊತೆ ನನಗೆ ಜಗಳ ಇಲ್ಲ ಅಕ್ಕ. ಎರಡು ಬಟ್ಟಲು ಕುಡೀತೀನಿ. ಭಾವನ ತಟ್ಟೆ ನೀವೂ ಡಾಕ್ಟರೂ ನೋಡ್ಕೊಳ್ಳಿ, ಅದು ನಿಮ್ಮ ಹಕ್ಕು. ಆದ್ರೆ ಕೇಕನ್ನ ಬಹುಮಾನ ಮಾಡ್ಬೇಡಿ. ಊಟ ಮಾಡೋಕೆ ಯಾರೂ ಗೆಲ್ಲಬೇಕಾಗಿಲ್ಲ. ಆಟದ ಮೈದಾನದಲ್ಲಿ ಊದಿ ನಿಮ್ಮ ಸೀಟಿ, ಊಟದ ಮೇಜಲ್ಲಿ ಬೇಡ."

ಆಗ ಸಾಲಿನ ಕೊನೆಯಿಂದ ಭಾವನವರು ಕೆಮ್ಮಿದರು.

"ನಾನೂ ಒಂದು ಹೇಳ್ಬೇಕು" ಎಂದರು, ಹೆಂಡತಿಯ ಮುಖ ನೋಡದೆ. "ದಿನಾ ಸಾಯಂಕಾಲ ವಾಕಿಂಗ್ ಅಂತ ಹೋಗ್ತೀನಲ್ಲ, ಬೇಕರಿ ಹಿಂದೆ ನಿಂತು ಬನ್ನು ತಿಂತೀನಿ. ಬೆಣ್ಣೆ ಹಾಕಿಸ್ಕೊಂಡು. ಡಾಕ್ಟರು ಯಾವಾಗ್ಲಾದ್ರೂ ಒಂದು ಚೂರು ಸಿಹಿ ತಿನ್ನಬಹುದು ಅಂದಿದ್ರು. ನೀನು ಅದನ್ನೂ ಬಿಡಿಸ್ದೆ. ಮನೇಲಿ ಕೂತು ಒಂದು ಚೂರು ತಿಂದಿದ್ರೆ ಹೊರಗೆ ನಿಂತು ಎರಡು ಬನ್ನು ತಿಂತಿರ್ಲಿಲ್ಲ ಕಣೇ."

ಸೀಟಿ ದೊಡ್ಡಮ್ಮನ ಕಣ್ಣಲ್ಲಿ ನೀರು ಬಂತು. ಅದು ಸಿಟ್ಟಿನದೋ ಹೆದರಿಕೆಯದೋ, ಅವಳಿಗೇ ಗೊತ್ತಿರಲಿಲ್ಲ. ಟೇಪಕ್ಕನಿಗೆ ಅವಳ ಮೇಲೆ ಮರುಕ ಹುಟ್ಟಿತು, ಆದರೆ ಕಂಕುಳಲ್ಲಿದ್ದ ಯಂತ್ರವನ್ನು ಕೆಳಗಿಡುವಷ್ಟಲ್ಲ.

"ಬಾಬಿನ್ ಏನು ತಪ್ಪು ಮಾಡಿದ್ಳು?" ಎಂದಳು ಸೀಟಿ ದೊಡ್ಡಮ್ಮ ಕೊನೆಗೆ, ಹುಡುಗಿಯ ಭುಜ ಹಿಡಿದು. "ಪಾಪ, ಅಷ್ಟು ಕಷ್ಟಪಟ್ಟು ಇಳಿಸಿದಾಳೆ. ಇವಳ ಬಹುಮಾನ ಯಾಕೆ ಕಿತ್ಕೊಳ್ತೀಯ?"

ಟೇಪಕ್ಕನ ಬಾಯಿಯ ತುದಿಯವರೆಗೆ ಎಲ್ಲವೂ ಬಂತು. ನಾಯಿ, ಡಬ್ಬಿ, ಡಾಕ್ಟರ ಮಾತು, ಎಲ್ಲ. ಒಂದೇ ಒಂದು ಮಾತು ಹೇಳಿದ್ದರೆ ಈ ಜಗಳ ಅಲ್ಲಿಗೇ ಮುಗಿಯುತ್ತಿತ್ತು, ಗೆಲುವೂ ಅವಳದೇ ಆಗುತ್ತಿತ್ತು. ಅವಳು ಮಗಳ ಮುಖ ನೋಡಿದಳು. ಬಾಬಿನ್ ಅವಳನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ. ಟೇಪಕ್ಕ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. "ಹಸಿವಾಗಿದೆ ಅಂದ್ನಲ್ಲ ಅಕ್ಕ" ಎಂದಳು ಒರಟಾಗಿ. "ನಾನು ಕೆಟ್ಟವಳು, ಹೊಟ್ಟೆಬಾಕಿ. ಆಯ್ತಾ? ಈಗ ಊಟಕ್ಕೆ ಬಡಿಸಿ."

ನಾದಿನಿ ಮತ್ತೆ ನಗಲು ಹೊರಟಳು. ಆ ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ಬಾಬಿನ್ ಮಾತಾಡಿದ್ದಳು.

"ನನಗೆ ಬಹುಮಾನ ಬೇಡ ದೊಡ್ಡಮ್ಮ." ಅವಳ ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. "ಕೇಕು ಬೇಕು. ಎಲ್ರಿಗೂ ಕೊಡೋಷ್ಟೇ ಕೊಡಿ. ಅಮ್ಮನಿಗೂ ಕೊಡಿ."

ಸೀಟಿ ದೊಡ್ಡಮ್ಮ ಹುಡುಗಿಯ ಭುಜದ ಮೇಲಿನ ತನ್ನ ಕೈಯನ್ನು ನೋಡಿದಳು. ಬಟ್ಟೆಯ ಕೆಳಗೆ ಏನು ಸಿಕ್ಕಿತೋ, ಬೆರಳುಗಳು ಒಂದು ಸಲ ಹಿಂಜರಿದು ಮತ್ತೆ ಮೆಲ್ಲಗೆ ಅಲ್ಲೇ ಕೂತವು. ಅವಳು ಕೊರಳಿನಿಂದ ಸೀಟಿ ತೆಗೆದು ಉಡುಪಿನ ಅಂಚಿನಲ್ಲಿ ಒರೆಸುವವಳಂತೆ ಮಾಡಿ ಕಪಾಟಿನ ಮೇಲಿಟ್ಟಳು. "ಕೂತ್ಕೊಳ್ಳಿ ಎಲ್ರೂ, ಸೂಪು ಆರಿಹೋಗುತ್ತೆ" ಎಂದಳು. ಸೋತೆ ಎಂದು ಹೇಳುವ ಹೆಂಗಸಲ್ಲ ಅವಳು.

ಟೇಪಕ್ಕ ಹೊರಗೆ ಹೋಗಿ ತೂಕದ ಯಂತ್ರವನ್ನು ಚಪ್ಪಲಿ ಸ್ಟ್ಯಾಂಡಿನಲ್ಲಿ, ಭಾವನವರ ವಾಕಿಂಗ್ ಷೂಗಳ ಪಕ್ಕ ನಿಲ್ಲಿಸಿ ಬಂದಳು.

ಊಟ ಶುರುವಾಯಿತು. ಸೂಪು ನಿಜಕ್ಕೂ ಚೆನ್ನಾಗಿದೆ ಎಂದು ಟೇಪಕ್ಕ ಬಾಯಿಬಿಟ್ಟು ಹೇಳಿದಳು, ಹೇಳಿದಂತೆಯೇ ಎರಡು ಬಟ್ಟಲು ಕುಡಿದಳು. ತರಕಾರಿ ಖಾಲಿಯಾಯಿತು. ಯಾರೂ ಕೇಳದಿದ್ದರೂ ಸೌತೆಕಾಯಿಯೂ ಖಾಲಿಯಾಯಿತು, ಶಿಕ್ಷೆಯಲ್ಲದಾಗ ಅದೂ ರುಚಿಯಾಗಿಯೇ ಇತ್ತು. ಕೇಕನ್ನು ಭಾವನವರೇ ಕತ್ತರಿಸಿದರು, ಎಲ್ಲರಿಗೂ ಒಂದೇ ಅಳತೆಯ ತುಂಡು, ತಮಗೆ ಮಾತ್ರ ಹೆಂಡತಿಯ ಕಡೆ ನೋಡಿ ಅದರ ಅರ್ಧ. ಸೀಟಿ ದೊಡ್ಡಮ್ಮ ತನ್ನ ತುಂಡನ್ನು ಮುಟ್ಟದೆ ಬಹಳ ಹೊತ್ತು ಕೂತಿದ್ದಳು. ಆಮೇಲೆ ನೋಡಿದಾಗ ಅವಳ ತಟ್ಟೆ ಬರಿದಾಗಿತ್ತು, ತಿಂದದ್ದನ್ನು ಕಂಡವರಿಲ್ಲ.

ಟೇಪಕ್ಕ ಮಗಳ ಪಕ್ಕ ಕೂತಿದ್ದಳು. ತಿನ್ನು ಎನ್ನಲಿಲ್ಲ, ಸಾಕು ಎನ್ನಲಿಲ್ಲ, ತಟ್ಟೆಯ ಕಡೆ ನೋಡಬಾರದೆಂದು ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಕಿವಿ ಮಾತ್ರ ಚಮಚದ ಸದ್ದಿನ ಮೇಲಿತ್ತು. ಚಮಚ ಒಮ್ಮೆ ಸದ್ದಾಯಿತು. ಬಹಳ ಹೊತ್ತು ಸುಮ್ಮನಿತ್ತು. ಮತ್ತೊಮ್ಮೆ ಸದ್ದಾಯಿತು.

"ಅಮ್ಮ" ಎಂದು ಬಾಬಿನ್ ಅವಳ ಕಿವಿಯ ಬಳಿ ಬಗ್ಗಿದಳು.

"ಏನೇ?"

"ಒಳಗಿನ ಬಟ್ಟೆ ಕತ್ತರಿಸಿಬಿಟ್ಯಾ?"

"ಇಲ್ಲ. ನೀನು ಬೈದ್ರೂ ಪರವಾಗಿಲ್ಲ ಅಂತ ಪೂರ್ತಿ ಹಾಗೇ ಬಿಟ್ಟಿದ್ದೀನಿ."

ಬಾಬಿನ್ ಉಡುಪಿನ ಪಕ್ಕದ ಹೊಲಿಗೆಯನ್ನು ಹೊರಗಿನಿಂದಲೇ ಬೆರಳಲ್ಲಿ ಒತ್ತಿ ನೋಡಿದಳು. ಮಡಿಸಿಟ್ಟ ಬಟ್ಟೆ ದಪ್ಪಗೆ ಕೈಗೆ ಸಿಕ್ಕಿತು.

"ಇರ್ಲಿ ಬಿಡು. ಬೇಕಾಗುತ್ತೆ" ಎಂದು ಮತ್ತೆ ಚಮಚ ಎತ್ತಿಕೊಂಡಳು.